ಸೂಜಿ ಚೀಟಿ ಇದ್ದರೆ ಒಳಗೆ ಬಾ

ನಮ್ಮ ಸೋದರತ್ತೆಯ ಮನೆಗೆ ಸಾಕ್ಷಾತ್ ದತ್ತಾತ್ರೇಯ ಸ್ವಾಮಿಯೇ ಬಂದಿದ್ದರೂ ಗೇಟಿನ ಹೊರಗೆ ಅರ್ಧ ಗಂಟೆ ನಿಲ್ಲಬೇಕಾಗುತ್ತಿತ್ತು! ಸ್ವಾಮಿಯ ಮೇಲೆ ಅವಳಿಗೆ ಭಕ್ತಿ ಇರಲಿಲ್ಲವೆಂದಲ್ಲ. ಗುರುವಾರ ತಪ್ಪದೆ ಊದುಬತ್ತಿ ಹಚ್ಚುತ್ತಿದ್ದಳು. ಆದರೆ ಸ್ವಾಮಿಯ ಜೊತೆ ನಾಲ್ಕು ನಾಯಿಗಳು ಬರುತ್ತವಲ್ಲ, ತಕರಾರು ಇದ್ದದ್ದು ಅಲ್ಲಿ. "ನೀವು ಬನ್ನಿ ಸ್ವಾಮಿ, ಕಾಫಿ ಕುಡೀರಿ. ಅವು ನಾಲ್ಕೂ ಅಲ್ಲೇ ಇರ್ಲಿ. ಸೂಜಿ ಹಾಕ್ಸಿ ಎಷ್ಟು ದಿನ ಆಯ್ತು? ಚೀಟಿ ಎಲ್ಲಿ?" ಎಂದು ಕೇಳದೆ ಬಿಡುವ ಹೆಂಗಸಲ್ಲ ಅವಳು. ನಾಲ್ಕು ನಾಯಿಗೆ ಒಂದೇ ಚೀಟಿ ತೋರಿಸಿದ್ದರೂ ನಡೆಯುತ್ತಿರಲಿಲ್ಲ. ತಲೆಗೊಂದು, ಅಂದರೆ ಬಾಲಕ್ಕೊಂದು, ಚೀಟಿ ಬೇಕು!

ಅವಳದು ನಾಯಿ ಹಿತ್ತಲು. ಹಾಗಂತ ಬೋರ್ಡು ಹಾಕಿರಲಿಲ್ಲ, ಊರೇ ಹಾಗೆ ಕರೆಯುತ್ತಿತ್ತು. ಮತ್ತಿಗಿರಿಯಿಂದ ಒಂದೂವರೆ ಮೈಲಿ ಒಳಗೆ, ಹುಣಸೆಮರದ ತಿರುವು ದಾಟಿದರೆ ಸಿಗುವ ಸಣ್ಣ ಊರು ಅದು. ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಹೊಸೂರಿನ ಸುತ್ತ ರಾಗಿ, ಹುರುಳಿ ಬೆಳೆಯುತ್ತಿದ್ದ ಹೊಲಗಳಲ್ಲಿ ಒಂದೊಂದಾಗಿ ಫ್ಯಾಕ್ಟರಿಗಳು ಏಳುತ್ತಿದ್ದವು. ಕೊಯಮತ್ತೂರು, ತಿರುನೆಲ್ವೇಲಿ, ಪಾಲಕ್ಕಾಡು ಎಂದು ಎಲ್ಲೆಲ್ಲಿಂದಲೋ ಜನ ಬಂದು ಕ್ವಾರ್ಟರ್ಸ್ ತುಂಬಿಕೊಂಡರು. ಬಂದವರು ಸುಮ್ಮನೆ ಬರಲಿಲ್ಲ, ನಾಯಿ ಸಾಕಿಕೊಂಡು ಬಂದರು. ಹಬ್ಬ ಬಂತೆಂದರೆ ಎಲ್ಲರೂ ಒಟ್ಟಿಗೆ ತಮ್ಮ ತಮ್ಮ ಊರಿಗೆ ಹೊರಡುವವರೇ. ರೈಲಿನಲ್ಲಿ ಹೆಂಡತಿ ಮಕ್ಕಳಿಗೆ ಜಾಗ ಸಿಗುವುದೇ ಕಷ್ಟ, ನಾಯಿಗೆಲ್ಲಿ ಸಿಗಬೇಕು? ದಿನಾ ಹಾಲು ಹಾಕುತ್ತಿದ್ದ ನಮ್ಮತ್ತೆಯ ಕಡೆ ಅವರ ಕಣ್ಣು ಬಿತ್ತು. ಮನೆ ಹಿಂದೆ ಕಲ್ಲು ಚಪ್ಪಡಿ ನೆಟ್ಟು ಕಟ್ಟಿದ ದೊಡ್ಡ ಹಿತ್ತಲು, ನಾಲ್ಕು ಸೀಬೆಗಿಡ, ಮುಂದೆ ಕಬ್ಬಿಣದ ಗೇಟು. ಇನ್ನೇನು ಬೇಕು? ಹಣ ಕೊಡಲು ಹೋದವರನ್ನು ಅತ್ತೆ ಬೈದು ಕಳಿಸಿದಳು. ಊರಿಂದ ಬರುವಾಗ ಹಲ್ವವೋ ನೇಂದ್ರ ಚಿಪ್ಸೋ ತಂದರೆ ಮಾತ್ರ ಬೈಯುತ್ತಿರಲಿಲ್ಲ.

ಇಂಥ ಮನೆಯಲ್ಲಿ ನಾನು ಇದ್ದೆ! ನಮ್ಮೂರು ಬಾಗಲೂರಿನ ಕಡೆ. ಅಲ್ಲಿಂದ ಬೆಳಗಿನ ಶಿಫ್ಟಿಗೆ ಬಸ್ಸು ಸಿಗದ ಕಾರಣ ಅಪ್ಪ ನನ್ನನ್ನು ತನ್ನ ತಂಗಿಯ ಮನೆಗೆ ತಂದು ಬಿಟ್ಟಿದ್ದ. ಫ್ಯಾಕ್ಟರಿಯ ಸ್ಟೋರ್ಸಿನಲ್ಲಿ ನಟ್ಟು ಬೋಲ್ಟು ಎಣಿಸುವ ಕೆಲಸ ನನ್ನದು. ಮೂವತ್ತು ದಾಟಿತ್ತು. ಮದುವೆಯಾಗಿರಲಿಲ್ಲ. ಹೆದರಿಕೆಯೊಂದು ಬಿಟ್ಟರೆ ಬೇರೆ ಯಾವ ಹವ್ಯಾಸವೂ ಇರಲಿಲ್ಲ. ಮಳೆ ಬಂದರೆ ಗೋಡೆ ಬೀಳುತ್ತದೆಂದು, ಬರದಿದ್ದರೆ ಬಾವಿ ಬತ್ತುತ್ತದೆಂದು ಹೆದರುವವನು ನಾನು. ನಾಯಿಯೆಂದರೆ ಕೇಳಬೇಕೆ? ಮನೆಯಲ್ಲಿ ನನ್ನ ಮಾವ, ಅಂದರೆ ಅತ್ತೆಯ ಗಂಡ, ಒಬ್ಬರು ಇದ್ದರು. ಅವರು ಮಾತಿನಲ್ಲಿ ಅಲ್ಲ, ಕೆಮ್ಮಿನಲ್ಲಿ ವ್ಯವಹಾರ ಮಾಡುವವರು. ಒಂದು ಕೆಮ್ಮು ಹೌದು, ಎರಡು ಕೆಮ್ಮು ಬೇಡ. ನಾಯಿಗಳನ್ನು ಇಟ್ಟುಕೊಳ್ಳುವ ವಿಷಯದಲ್ಲಿ ಅವರು ಎರಡು ಸಲ ಕೆಮ್ಮಿದ್ದರಂತೆ. ಅತ್ತೆ ಅವರಿಗೆ ಕಷಾಯ ಮಾಡಿ ಕುಡಿಸಿ ವಿಷಯ ಮುಗಿಸಿದ್ದಳು.

ಮೊದಲು ಬಂದದ್ದು ಒಬ್ಬ ಇಂಜಿನಿಯರರ ಬಿಳಿ ಪೊಮೆರೇನಿಯನ್. ಆಗ ಇನ್ನೂ ಚೀಟಿ ಗೀಟಿ ಏನೂ ಇರಲಿಲ್ಲ. ಹತ್ತಿಯ ಉಂಡೆಗೆ ಎರಡು ಕಣ್ಣು ಅಂಟಿಸಿದ ಹಾಗಿತ್ತು. ಅತ್ತೆ ಅದಕ್ಕೆ ಹಾಲು ಅನ್ನ ಕಲಸಿಟ್ಟಳು. ನಾನು ಅದರಿಂದ ಆರು ಅಡಿ ದೂರದಲ್ಲಿ ಕೂತು ಮುದ್ದೆ ನುಂಗುತ್ತಿದ್ದೆ. ಆ ಆರು ಅಡಿ ಅದು ಯಾವಾಗ ದಾಟಿ ಬಂತೋ, ನನ್ನ ಕಾಲಿನ ಹೆಬ್ಬೆರಳನ್ನು ಏನೆಂದು ತಿಳಿಯಿತೋ, ಕಚ್ಚಿತು! ಕಚ್ಚಿತು ಎಂದರೆ ದೊಡ್ಡ ಮಾತಾಯಿತು. ಅತ್ತೆಯ ಪ್ರಕಾರ ಮುತ್ತು ಕೊಟ್ಟಿತು. ಆದರೆ ಸಾಸಿವೆಯಷ್ಟು ರಕ್ತ ಬಂದದ್ದು ನಾನೇ ಕಣ್ಣಾರೆ ನೋಡಿದೆ.

"ಹತ್ತು ದಿನ ನಾಯಿ ಮೇಲೆ ಕಣ್ಣಿಡಿ. ಅದು ಚೆನ್ನಾಗಿದ್ದರೆ ನೀವೂ ಚೆನ್ನಾಗಿರ್ತೀರಿ" ಎಂದರು ಸರ್ಕಾರಿ ಆಸ್ಪತ್ರೆಯ ಡಾಕ್ಟರು.

ಹತ್ತು ದಿನ! ನನ್ನಂಥವನು ಹತ್ತು ದಿನ ಕಾಯುವುದೆ? ಆ ರಾತ್ರಿಯೇ ನೀರಿನ ಚೊಂಬು ನೋಡಿದರೆ ಮೈ ಜುಮ್ಮೆನ್ನತೊಡಗಿತು. ಮಾರನೆಯ ದಿನ ಡಾಕ್ಟರ ಕಾಲಿಗೆ ಬೀಳುವುದೊಂದು ಬಾಕಿ, ಬೇಡಿ ಬೇಡಿ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಹಾಕಿಸಿಕೊಂಡೆ. ದಿನಕ್ಕೊಂದರಂತೆ ಹದಿನಾಲ್ಕು ದಿನ. ಕೊನೆಗೆ ನನ್ನ ಹೊಟ್ಟೆ ಎರಡು ಗಂಟೆ ಹೆಚ್ಚಿರುವ ಗಡಿಯಾರದ ಹಾಗಾಯಿತು. ಹತ್ತನೆಯ ಸೂಜಿಗೆ ಹೊರಟಾಗ ಆ ನಾಯಿ ಹಿತ್ತಲಲ್ಲಿ ಚಿಟ್ಟೆಯ ಹಿಂದೆ ಓಡುತ್ತಿತ್ತು, ಹನ್ನೊಂದನೆಯದಕ್ಕೆ ಹೊರಟಾಗಲೂ ಓಡುತ್ತಿತ್ತು. ಆಮೇಲೆ ಒಂಬತ್ತು ವರ್ಷ ಓಡಿತು.

ಹದಿನೈದನೆಯ ದಿನ ಬೆಳಿಗ್ಗೆ ಅತ್ತೆ ಒಲೆಯ ಮುಂದೆ ಕೂತು ಯೋಚಿಸುತ್ತಿದ್ದವಳು ತಟ್ಟನೆ ನನ್ನ ಕಡೆ ತಿರುಗಿದಳು.

"ಲೋ, ನಾಯಿಗೆ ಮೊದ್ಲೇ ಹಾಕ್ಸಿದ್ರೆ ಎಷ್ಟು ಸೂಜಿ?"

"ವರ್ಷಕ್ಕೆ ಒಂದಂತೆ ಅತ್ತೆ."

"ನಾಯಿಗೆ ಒಂದು, ಹಾಕ್ಸದೆ ಹೋದ್ರೆ ಮನುಷ್ಯನಿಗೆ ಹದಿನಾಲ್ಕು. ಇದು ಯಾವನು ಮಾಡಿದ ಲೆಕ್ಕ ಕಣ್ಲಾ? ಇಷ್ಟು ದಿನ ಯಾರೂ ಕೇಳ್ಲಿಲ್ವಾ?"

ಅಂದಿನಿಂದ ಅವಳು ಕೇಳತೊಡಗಿದಳು.

ಪೇಟೆಯ ದನದ ಆಸ್ಪತ್ರೆಗೆ ಅವಳು ಹಳೆಯ ಗಿರಾಕಿ. ಎಮ್ಮೆಯ ಕೆಚ್ಚಲು ಬಾವು, ಹಸುವಿನ ಕಾಲುಬಾಯಿ ರೋಗ ಎಂದು ವರ್ಷವಿಡೀ ಹೋಗುತ್ತಿದ್ದವಳು. ಅಲ್ಲಿನ ಡಾಕ್ಟರು ಅವಳಿಗೆ ಮೂರು ಮಾತು ಹೇಳಿದರು: ವರ್ಷಕ್ಕೊಂದು ಸೂಜಿ ಹಾಕಿಸಬೇಕು, ಹಾಕಿಸಿದ ಮೇಲೆ ಅದು ಮೈಗೆ ಹತ್ತಲು ಇಪ್ಪತ್ತೊಂದು ದಿನ ಬೇಕು, ಮೂರು ತಿಂಗಳು ತುಂಬದ ಮರಿಗೆ ಹಾಕಬಾರದು. ಡಾಕ್ಟರು ಹೇಳಿದ್ದು ಸಲಹೆ. ಅತ್ತೆ ಮನೆಗೆ ತಂದದ್ದು ಕಾಯಿದೆ. ನಾಯಿ ಬಿಡಬೇಕೆ? ಚೀಟಿ ತೋರಿಸು. ಚೀಟಿಗೆ ಇಪ್ಪತ್ತೊಂದು ದಿನ ತುಂಬಿರಬೇಕು. ಒಂದು ವರ್ಷ ದಾಟಿರಬಾರದು. ಇಪ್ಪತ್ತು ದಿನವಾಗಿದ್ದರೆ? ನಾಳೆ ಬಾ!

ಸೂಜಿ ಮದ್ದು ಕೃಷ್ಣಗಿರಿಯ ಕಡೆಯಿಂದ ತಿಂಗಳಿಗೊಮ್ಮೆ, ಐಸು ತುಂಬಿದ ಫ್ಲಾಸ್ಕಿನಲ್ಲಿ, ಬಸ್ಸಿನ ಡ್ರೈವರ್ ಸೀಟಿನ ಪಕ್ಕ ಕೂತು ಬರುತ್ತಿತ್ತು. ಫ್ಲಾಸ್ಕು ಬರುವ ದಿನ ನಮ್ಮತ್ತೆ ಕ್ವಾರ್ಟರ್ಸಿನ ನಾಯಿಗಳನ್ನೆಲ್ಲ ಹಗ್ಗಕ್ಕೆ ಕಟ್ಟಿಕೊಂಡು, ಕೋಳಿ ಕೂಗುವ ಹೊತ್ತಿಗೇ ಹೊರಟು, ಆಸ್ಪತ್ರೆಯ ಬಾಗಿಲಲ್ಲಿ ಮೊದಲನೆಯವಳಾಗಿ ನಿಂತುಬಿಡುತ್ತಿದ್ದಳು. ರಜೆ ಇದ್ದರೆ ನಾನೂ ಹೋಗಬೇಕು. ನನ್ನ ಕೈಗೆ ಎರಡು ಹಗ್ಗ. ಜನ ನೋಡುತ್ತಿದ್ದದ್ದು ನಾನು ನಾಯಿಗಳನ್ನು ಕರೆದೊಯ್ಯುವುದನ್ನಲ್ಲ. ನಾಯಿಗಳು ನನ್ನನ್ನು ಎಳೆದೊಯ್ಯುವುದನ್ನು. ಸೂಜಿ ಹಾಕುವಾಗ ಡಾಕ್ಟರು "ಮುಖ ಆ ಕಡೆ ತಿರುಗಿಸಿ" ಎನ್ನುತ್ತಿದ್ದರು. ನಾಯಿಯದಲ್ಲ, ನನ್ನದು! ಕೆಲಸ ಮುಗಿದ ಮೇಲೆ ಕಾಂಪೌಂಡರು ಅಚ್ಚಾದ ಪುಸ್ತಕದಿಂದ ಚೀಟಿ ಹರಿದು, ತಮಿಳಿನಲ್ಲಿ ಏನೋ ಗೀಚಿ, ದುಂಡನೆಯ ಮೊಹರು ಗುದ್ದಿ ಕೊಡುತ್ತಿದ್ದರು. ಅತ್ತೆಗೆ ಓದಲು ಬಾರದು. ನಾನು ಕಲಿತದ್ದು ಕನ್ನಡ ಸ್ಕೂಲಿನಲ್ಲಿ; ತಮಿಳು ನೀರು ಕುಡಿದಂತೆ ಮಾತಾಡಿದರೂ ಓದುವುದು ಬಸ್ಸಿನ ಬೋರ್ಡಿನಷ್ಟೇ, ಅದೂ ಬಸ್ಸು ನಿಂತಿದ್ದರೆ. ಅದರಲ್ಲೂ ಕಾಂಪೌಂಡರ ಕೈಬರಹ! ಮೊಹರು ಇದೆಯೆ, ತಾರೀಖು ಇದೆಯೆ ಎಂದು ನೋಡಿ ಅತ್ತೆ ಚೀಟಿಯನ್ನು ಬಿಸ್ಕತ್ತಿನ ಡಬ್ಬಕ್ಕೆ ಹಾಕುತ್ತಿದ್ದಳು. ನಮ್ಮ ಮನೆಯ ಪಟ್ಟೆ ಪತ್ರ ಇದ್ದದ್ದು ಮೇವಿನ ಅಟ್ಟದ ಮೇಲೆ, ಇಲಿಗಳ ಸುಪರ್ದಿಯಲ್ಲಿ. ನಾಯಿಗಳ ಚೀಟಿ ಇದ್ದದ್ದು ದೇವರ ಗೂಡಿನಲ್ಲಿ!

ಒಮ್ಮೆ ಬಾಗಲೂರು ಕಡೆಯ ರೈಸ್ ಮಿಲ್ ಮಾಲೀಕರೊಬ್ಬರು ಕಾರಿನಲ್ಲಿ ಬಂದರು. ಆ ಕಾಲದಲ್ಲಿ ನಮ್ಮ ಬೀದಿಗೆ ಕಾರು ಬಂದರೆ ಮದುವೆ, ಇಲ್ಲವೆ ಎಲೆಕ್ಷನ್. ಹಿಂದಿನ ಸೀಟಿನಲ್ಲಿ ಕರುವಿನಷ್ಟು ಎತ್ತರದ ಅಲ್ಸೇಷಿಯನ್ ನಾಲಗೆ ಚಾಚಿ ಕೂತಿತ್ತು. ಮಾಲೀಕರು ಮನೆ ಮಂದಿಯೊಡನೆ ತಿರುಪತಿಗೆ ಹೊರಟಿದ್ದಾರೆ, ನಾಯಿ ಬಿಡಬೇಕು. ಅತ್ತೆ ಗೇಟು ತೆರೆಯದೆ ಕೇಳಿದಳು:

"ಚೀಟಿ?"

"ಯಾವ ಚೀಟಿ? ಏನಮ್ಮ ನೀನು, ನಾನ್ಯಾರು ಅಂತ ಗೊತ್ತಿಲ್ವಾ?"

"ನಿಮ್ಮನ್ನ ಯಾರಿಗೆ ಗೊತ್ತಿಲ್ಲ ಸ್ವಾಮಿ? ನಾಯೀನೇ ಗೊತ್ತಿಲ್ಲದ್ದು."

"ನನ್ ನಾಯಿ ಬೀದಿ ನಾಯಿ ಅಲ್ಲಮ್ಮ. ದಿನಾ ಮಟನ್ ತಿಂತದೆ!"

"ತಿನ್ಲಿ. ಮಟನ್ ತಿಂದ್ರೆ ಹುಚ್ಚು ಹಿಡಿಯಲ್ಲ ಅಂತ ಡಾಕ್ಟ್ರು ಹೇಳವ್ರಾ? ಸೂಜಿ ಹಾಕ್ಸಿ, ಇಪ್ಪತ್ತೊಂದು ದಿನ ಬಿಟ್ಟು ಬನ್ನಿ."

"ತಿರುಪತಿಗೆ ಹರಕೆ ಇದೆ ಕಣಮ್ಮ! ನಾಡಿದ್ದು ದರ್ಶನ!"

"ವೆಂಕಟ್ರಮಣ ಎಲ್ಲಿಗೂ ಹೋಗಲ್ಲ, ಅಲ್ಲೇ ನಿಂತಿರ್ತಾನೆ. ನಾನೂ ಇಲ್ಲೇ ನಿಂತಿರ್ತೀನಿ."

ಕಾರು ಧೂಳೆಬ್ಬಿಸಿಕೊಂಡು ಹೋಯಿತು. ನನಗೆ ಒಂದು ವಾರ ನಿದ್ದೆ ಬರಲಿಲ್ಲ. ಮಿಲ್ ಮಾಲೀಕರಿಗೂ ನಮ್ಮ ಫ್ಯಾಕ್ಟರಿಯ ಮ್ಯಾನೇಜರಿಗೂ ಸ್ನೇಹವಿದ್ದರೆ? ನನ್ನ ಕೆಲಸ ಹೋದರೆ? ಹಾಗೆ ಆಗಲಿಲ್ಲ. ಅವತ್ತೇ ಕೃಷ್ಣಗಿರಿಗೆ ಕಾರು ಓಡಿಸಿ ಸೂಜಿ ಹಾಕಿಸಿದ್ದರಂತೆ, ಇಪ್ಪತ್ತೆರಡನೆಯ ದಿನ ಅದೇ ಕಾರು ಬಂತು. ಮಾಲೀಕರು ಇಳಿದು ಚೀಟಿಯನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಆ ವರ್ಷ ಅವರ ಹರಕೆ ಮೂರು ವಾರ ತಡವಾಯಿತು. ತಿಮ್ಮಪ್ಪ ಏನೂ ಅಂದ ಹಾಗೆ ಕಾಣಲಿಲ್ಲ.

ಇದೆಲ್ಲ ಬೇರೆಯವರ ಪಾಡು ಎಂದು ನಾನೂ ನಗಬಹುದಿತ್ತು. ಆದರೆ ನನ್ನ ಮದುವೆ!

ನಮ್ಮ ಕಡೆ ಹೆಣ್ಣು ಕೊಡುವವರು ಗಂಡಿನ ಮನೆ ನೋಡಲು ಬರುವ ಪದ್ಧತಿ. ಕೆಲಮಂಗಲದ ಒಬ್ಬರು ನನಗೆ ಮಗಳನ್ನು ಕೊಡಲು ಮನಸ್ಸು ಮಾಡಿದರು. ನನ್ನ ಮುಖ ನೋಡಿಯೂ ಮನಸ್ಸು ಮಾಡಿದರು ಎಂಬುದನ್ನು ಗಮನಿಸಬೇಕು. ನನ್ನಪ್ಪ ಅಮ್ಮ ಊರಿನಿಂದ ಬಂದು ಹೊಸ ಜಮಖಾನ ಹಾಸಿ ಕೂತಿದ್ದರು. ಅತ್ತೆ ಒಬ್ಬಟ್ಟು ತಟ್ಟಿದ್ದಳು. ಹೆಣ್ಣಿನ ತಂದೆ, ಅವರ ಅಣ್ಣ, ಇನ್ನಿಬ್ಬರು ಹಿರಿಯರು ಎತ್ತಿನ ಗಾಡಿಯಲ್ಲಿ ಬಂದಿಳಿದರು. ಗಾಡಿಯ ಕೆಳಗೆ, ಎರಡು ಚಕ್ರದ ನಡುವೆ, ಕೆಲಮಂಗಲದಿಂದ ನೆರಳಿನಲ್ಲೇ ನಡೆದು ಬಂದ ಒಂದು ಕಂದು ನಾಯಿ!

"ಬನ್ನಿ ಬನ್ನಿ, ಕಾಲು ತೊಳ್ಕಳಿ" ಎಂದು ಚೊಂಬು ಹಿಡಿದು ಬಂದ ಅತ್ತೆ ಗಾಡಿಯ ಕೆಳಗೆ ಬಗ್ಗಿ ನೋಡಿದಳು.

"ಇದು ಯಾರದು?"

"ನಮ್ದೇ ಅಕ್ಕಯ್ಯ. ನಾನು ಎಲ್ಲಿ ಹೋದ್ರೂ ಬತ್ತದೆ. ಪಾಪ, ಏನೂ ಮಾಡಲ್ಲ."

"ಸೂಜಿ ಹಾಕ್ಸಿದ್ದೀರಾ?"

"ಹಳ್ಳಿ ನಾಯಿಗೆ ಎಂಥ ಸೂಜಿ ಅಕ್ಕಯ್ಯ!"

"ಹಂಗಾದ್ರೆ ಅದು ಹೊರಗಿರ್ಲಿ. ಒಳಗೆ ಬೇರೆಯವ್ರ ನಾಯಿ ಅವೆ. ಅವು ನನ್ನ ನಂಬ್ಕಂಡು ಬಂದವೆ."

"ಅದು ಹೊರಗಿದ್ರೆ ನಾನೂ ಹೊರಗೇ" ಎಂದರು ಹೆಣ್ಣಿನ ತಂದೆ. ಅವರೂ ಕಮ್ಮಿ ಅಲ್ಲ.

"ಅತ್ತೆ, ಇವತ್ತೊಂದು ದಿನ..." ಎಂದೆ ನಾನು.

"ಸುಮ್ಕಿರ್ಲಾ! ಇವತ್ತೊಂದು ದಿನ ಅಂತ ನಾಯಿಗೆ ಹೇಳ್ತೀಯಾ, ರೋಗಕ್ಕೆ ಹೇಳ್ತೀಯಾ?"

ಮಾವ ಎರಡು ಸಲ ಕೆಮ್ಮಿದರು. ಯಾರಿಗೆ ಬೇಡ ಎಂದರೋ ಗೊತ್ತಾಗಲಿಲ್ಲ. ಗಾಡಿ ತಿರುಗಿತು, ಕಂದು ನಾಯಿ ಚಕ್ರಗಳ ನಡುವೆ ಸೇರಿಕೊಂಡಿತು. ಒಬ್ಬಟ್ಟುಗಳನ್ನು ನಾವೇ ಮೂರು ದಿನ ತಿಂದೆವು. ಅಪ್ಪ ತಂಗಿಯ ಜೊತೆ ಮಾತು ಬಿಟ್ಟ. ನಾನು ಬ್ರಹ್ಮಚಾರಿಯಾಗಿ ಮುದುಕನಾಗಿ, ನಾಯಿಗಳ ನಡುವೆ ಸಾಯುವ ಚಿತ್ರವನ್ನು ವಿವರವಾಗಿ ಕಂಡೆ.

ಅಂದಿಗೆ ಒಂದೂವರೆ ತಿಂಗಳಾಗಿರಬೇಕು, ಅದೇ ಗಾಡಿ ಬಂತು. ಹೆಣ್ಣಿನ ತಂದೆ ಇಳಿಯದೆ, ಗಾಡಿಯ ಮೇಲಿಂದಲೇ ಚೀಟಿಯನ್ನು ಅಲ್ಲಾಡಿಸಿದರು. "ಹಾಕ್ಸೀನಿ ಅಕ್ಕಯ್ಯ! ಫ್ಲಾಸ್ಕು ಬರೋ ತಂಕ ಕಾದು ಹಾಕ್ಸೀನಿ. ಇಪ್ಪತ್ತೊಂದಲ್ಲ, ಇಪ್ಪತ್ಮೂರು ದಿನ ಆಗೈತೆ. ನನ್ ಮಗಳು ಹೇಳಿದ್ಲು, ಪರವೂರ ನಾಯಿಗಳ ಬಗ್ಗೇನೇ ಇಷ್ಟು ನಿಗಾ ಮಾಡೋ ಮನೇಲಿ ಸೊಸೇನ ಹಸಿದು ಮಲಗಾಕೆ ಬಿಡಲ್ಲ, ಆ ಮನೆಗೇ ಕೊಡು ಅಂತ." ನನ್ನನ್ನು ಕಂಡು ಒಪ್ಪಿದಳು ಎಂದು ಈಗಲೂ ನನ್ನ ಹೆಂಡತಿ ಹೇಳುವುದಿಲ್ಲ. ಹಿತ್ತಲನ್ನು ಕೇಳಿ ಒಪ್ಪಿದಳು!

ಆದರೆ ಊರಿಗೆ ಆ ಹಿತ್ತಲು ಆಗುತ್ತಿರಲಿಲ್ಲ. ಬೊಗಳುತ್ತವೆ ಎಂದು ಒಬ್ಬರು, ಹಬ್ಬದ ದಿನ ಅಡ್ಡ ಬರುತ್ತವೆ ಎಂದು ಒಬ್ಬರು, ಹಿತ್ತಲು ಎತ್ತಿಸಬೇಕು ಎಂದು ಪಂಚಾಯ್ತಿಗೆ ಎರಡು ಸಲ ಅರ್ಜಿ ಹೋಗಿತ್ತು. "ಒಂದು ನಾಯಿಗಾದ್ರೂ ಸೂಜಿ ಇಲ್ಲ ಅಂತ ತೋರ್ಸಿ, ಅವತ್ತೇ ಎತ್ತುಬುಡ್ತೀನಿ" ಎಂದು ಅತ್ತೆ ಸವಾಲು ಹಾಕುತ್ತಿದ್ದಳು. ಬಂದ ನಾಯಿ ಬಂದ ಹಾಗೇ ಅದರ ಮನೆಗೆ ಹಿಂದಿರುಗಬೇಕು. ಅವಳ ಹಟವೆಲ್ಲ ಇಷ್ಟಕ್ಕೇ.

ನನ್ನ ಮದುವೆಯಾಗಿ ಒಂದೆರಡು ವರ್ಷವಾಗಿತ್ತು. ನಾನೂ ಹೆಂಡತಿಯೂ ಪಕ್ಕದ ಬೀದಿಯಲ್ಲೇ ಬೇರೆ ಮನೆ ಮಾಡಿದ್ದೆವು. ಸಂಕ್ರಾಂತಿ ಹತ್ತಿರ ಬಂದು ಕ್ವಾರ್ಟರ್ಸಿನವರೆಲ್ಲ ಪೊಂಗಲಿಗೆಂದು ಊರಿಗೆ ಹೊರಟರು. ಹಿತ್ತಲಲ್ಲಿ ಏಳು ನಾಯಿ. ಸರಿಯಾಗಿ ಆ ವಾರವೇ ಎಲ್ಲಿಂದಲೋ ಬಂದ ಹುಚ್ಚುನಾಯಿಯೊಂದು ನಮ್ಮೂರ ಹೊರಗೆ ಇಬ್ಬರನ್ನೂ ಒಂದು ಎತ್ತನ್ನೂ ಕಚ್ಚಿ, ಹುಣಸೆಮರದ ಬುಡದಲ್ಲಿ ಸತ್ತು ಬಿತ್ತು. ಸಂಜೆಗೆ ತಮಟೆ ಹೊಡೆದರು: ಸೂಜಿ ಹಾಕಿಸಿದ ಸರ್ಕಾರಿ ಚೀಟಿ ಇಲ್ಲದ ನಾಯಿಯನ್ನೆಲ್ಲ, ಮನೆಯದಿರಲಿ ಬೀದಿಯದಿರಲಿ, ನಾಳೆ, ಸಂಕ್ರಾಂತಿಯ ಹಿಂದಿನ ಬೋಗಿಯ ದಿನವೇ, ಗುಂಡಿಟ್ಟು ಕೊಲ್ಲಲಾಗುವುದು.

ನಾನು ಫ್ಯಾಕ್ಟರಿಗೆ ರಜೆ ಹಾಕಿ ಬೆಳಗಾಗುವುದಕ್ಕೆ ಮೊದಲೇ ಅತ್ತೆಯ ಮನೆಗೆ ಓಡಿದೆ. ಅವಳು ತಣ್ಣಗೆ ಹಾಲು ಕರೆಯುತ್ತಿದ್ದಳು. "ಯಾಕ್ಲಾ ಮುಖ ಹಂಗಾಗೈತೆ? ನಮ್ದು ಏಳಕ್ಕೆ ಏಳು ಚೀಟಿ ಐತೆ. ಸರ್ಕಾರವೇ ಚೀಟಿ ಕೇಳ್ತಾ ಐತೆ! ಆರು ವರ್ಷದಿಂದ ನಾನು ಹೇಳಿದ್ದು ಇವತ್ತು ಅವ್ರಿಗೆ ಗೊತ್ತಾಗೈತೆ."

ಬೀದಿಯಲ್ಲಿ ಬೋಗಿಗೆಂದು ಹಳೇ ಚಾಪೆ ಸುಡುವ ಹೊಗೆ. ದೂರದಲ್ಲಿ ಒಂದೊಂದೇ ಗುಂಡಿನ ಸದ್ದು. ಪ್ರತಿ ಸದ್ದಿಗೂ ಏಳು ನಾಯಿಗಳು ಸೀಬೆಗಿಡದ ಕೆಳಗೆ ಒಂದಕ್ಕೊಂದು ಒತ್ತಿಕೊಂಡು ಕೂರುತ್ತಿದ್ದವು. ನಾನೂ ಅವುಗಳ ಪಕ್ಕದಲ್ಲೇ ಕೂತಿದ್ದೆ ಎಂಬುದು ಆಮೇಲೆ ನನ್ನ ಗಮನಕ್ಕೆ ಬಂತು.

ಒಂಬತ್ತು ಗಂಟೆಗೆ ಅವರು ಗೇಟಿಗೆ ಬಂದರು. ಪಂಚಾಯ್ತಿಯ ಗುಮಾಸ್ತರು, ತಮಿಳಿನವರು, ಕಂಕುಳಲ್ಲಿ ಪುಸ್ತಕ. ಅವರ ಹಿಂದೆ ಬಂದೂಕದವನು, ಮೇಲಿನ ಕೇರಿಯವನೇ, ಮಿಲಿಟರಿಯಿಂದ ಬಂದು ಹೊಲ ಮಾಡಿಕೊಂಡಿದ್ದ ಐವತ್ತರ ಮನುಷ್ಯ. ಅತ್ತೆ ಬಿಸ್ಕತ್ತಿನ ಡಬ್ಬ ತಂದು, ಗೇಟಿನ ಸಂದಿಯಿಂದ ಚೀಟಿಗಳನ್ನು ಕೊಟ್ಟಳು. ಸೊಂಟದ ಮೇಲೆ ಕೈಯಿಟ್ಟು ನಿಂತಳು.

ಗುಮಾಸ್ತರು ಮೊದಲನೆಯ ಚೀಟಿ ಓದಿದರು. ಕನ್ನಡಕ ಒರೆಸಿ ಮತ್ತೆ ಓದಿದರು. ಎರಡನೆಯದನ್ನೂ ಓದಿದರು.

"ಏನಮ್ಮಾ ಇದು? ಎಲ್ಲಾ ಕನ್ನುಕುಟ್ಟಿ ಅಂತ ಪೋಟ್ಟಿರುಕ್ಕು!"

ಅತ್ತೆ ನನ್ನ ಕಡೆ ನೋಡಿದಳು. ಕನ್ನುಕುಟ್ಟಿ ಎಂದರೆ ಕರು ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. ಚೀಟಿಯಲ್ಲಿ ಹಾಗೆ ಬರೆದಿದೆ ಎಂಬುದು ಮಾತ್ರ ಇಬ್ಬರಿಗೂ ಗೊತ್ತಿರಲಿಲ್ಲ! ಗುಮಾಸ್ತರು ಗಟ್ಟಿಯಾಗಿ ಓದತೊಡಗಿದರು. ಪೊಮೆರೇನಿಯನ್ನಿನ ಚೀಟಿ: "ಕರು. ಹೆಣ್ಣು. ಬಿಳಿ. ಕೊಂಬು ಇನ್ನೂ ಬಂದಿಲ್ಲ." ಇನ್ನೊಂದು ದೊಡ್ಡ ನಾಯಿಯದು: "ಕರು. ಗಂಡು. ಕಪ್ಪು. ನೇಗಿಲಿಗೆ ಇನ್ನೂ ಹೂಡಿಲ್ಲ." ಮತ್ತೊಂದು: "ಕರು. ಹೆಣ್ಣು. ಕರೆಯುವ ಹಾಲು, ಇಲ್ಲ." ಏಳಕ್ಕೆ ಏಳೂ ಕರುಗಳೇ.

ಆದದ್ದು ಇಷ್ಟು, ಆಮೇಲೆ ತಿಳಿಯಿತು. ದನದ ಆಸ್ಪತ್ರೆಗೆ ಅಚ್ಚಾಗಿ ಬರುತ್ತಿದ್ದದ್ದು ದನದ ಚೀಟಿ ಪುಸ್ತಕ. ಅದರಲ್ಲಿ ಹಸು, ಎಮ್ಮೆ, ಎತ್ತು, ಕರು, ಕುರಿ ಇದ್ದವು, ನಾಯಿ ಇರಲಿಲ್ಲ. ಕಾಂಪೌಂಡರು ನಿಯಮ ಬಿಟ್ಟು ನಡೆಯುವವರಲ್ಲ. ಇದ್ದದ್ದರಲ್ಲಿ ನಾಯಿಗೆ ಹತ್ತಿರವಾದದ್ದು ಕರು ಎಂದು ತೀರ್ಮಾನಿಸಿ, ಖಾಲಿ ಜಾಗಗಳನ್ನೆಲ್ಲ ಪ್ರಾಮಾಣಿಕವಾಗಿ ತುಂಬಿದ್ದರು. ತಮಿಳು ಬಲ್ಲ ಕ್ವಾರ್ಟರ್ಸಿನವರು ಓದಿಯೇ ಇರುತ್ತಾರೆ. ಚೀಟಿ ನೋಡಿ ನಮ್ಮತ್ತೆ ಗೇಟು ತೆರೆಯುತ್ತಿದ್ದಳಲ್ಲ, ಸಾಕು. ನಾಯಿಯ ಜಾತಿಯ ಬಗ್ಗೆ ಸರ್ಕಾರದೊಡನೆ ಯಾರು ಜಗಳವಾಡುತ್ತಾರೆ?

ಬಂದೂಕದವನು ಬಂದೂಕವನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಬದಲಿಸಿದ. ಅತ್ತೆ ಖಾಲಿ ಡಬ್ಬದೊಳಗೆ ಇಣುಕಿದಳು. ಆರು ವರ್ಷ ದೇವರ ಗೂಡಿನಲ್ಲಿಟ್ಟ ಚೀಟಿಗಳು! ಆಮೇಲೆ ಸೆರಗು ಸಿಕ್ಕಿಸಿದಳು.

"ಮೊಹರು ಐತಾ?"

"ಇದೆಯಮ್ಮಾ, ಆದ್ರೆ..."

"ಡಾಕ್ಟ್ರ ಸೈನು?"

"ಇದೆ. ಆದ್ರೆ ಇದು ಕರು..."

"ಕರುವೇ. ಸರ್ಕಾರ ಮೊಹರು ಹಾಕಿ ಕರು ಅಂದ್ಮೇಲೆ ನಾಯಿ ಅನ್ನಾಕೆ ನಾನ್ಯಾರು, ನೀವ್ಯಾರು? ನಿಮ್ ಆರ್ಡ್ರಲ್ಲಿ ಕರು ಹೊಡೀಬೇಕು ಅಂತ ಐತಾ? ಓದಿ, ಕೇಳ್ತೀನಿ."

"ಅಮ್ಮಾ, ಅಲ್ಲಿ ನೋಡಮ್ಮಾ, ಕಣ್ಣಿಗೆ ಕಾಣ್ತಿದೆಯಲ್ಲ!"

"ನಂಗೂ ಕಾಣ್ತದೆ. ನಾಳಿದ್ದು ದನಗಳ ಹಬ್ಬ. ಮನೆಮನೇಲೂ ಕರುಗೆ ಕೊಂಬು ತೊಳ್ದು, ಹೂವ ಹಾಕಿ, ಆರತಿ ಎತ್ತೋ ದಿನ. ಬೋಗಿ ದಿನ ಏಳು ಕರು ಹೊಡ್ದೆ ಅಂತ ನಿಮ್ ಪುಸ್ತಕದಲ್ಲಿ ಬರ್ಕಳಿ. ಕೆಳಗೆ ನಿಮ್ ಸೈನ್ ಹಾಕಿ. ಆಮೇಲೆ ಗೇಟು ತೆಗೀತೀನಿ."

ಆಗ ಒಂದು ಕರು ಬೊಗಳಿತು.

"ಬೊಗಳ್ತಾ ಇದೆಯಲ್ಲಮ್ಮಾ!" ಎಂದರು ಗುಮಾಸ್ತರು, ಅಳುವವರಂತೆ.

"ಹಬ್ಬ ಬಂದ್ರೆ ಒಂದೊಂದು ಕರು ಹಂಗೇ ಆಡ್ತದೆ."

ಮನೆಯೊಳಗಿಂದ ಮಾವ ಒಂದು ಸಲ, ಸ್ಪಷ್ಟವಾಗಿ, ಕೆಮ್ಮಿದರು.

ಗುಮಾಸ್ತರು ಚೀಟಿ ನೋಡಿದರು, ನಾಯಿ ನೋಡಿದರು, ಅತ್ತೆಯನ್ನು ನೋಡಿದರು. ಸರ್ಕಾರದ ಮೊಹರಿನ ಮೇಲೆ ಅವರಿಗೂ ಭಕ್ತಿ ಇದ್ದಿರಬೇಕು. ಪುಸ್ತಕ ತೆರೆದು, "ಕರು ಏಳು, ನಾಯಿ ಇಲ್ಲ" ಎಂದು ಬರೆದು, "ಎನ್ನಮೋ ಪೋ", ಏನಾದರೂ ಆಗಲಿ ಎಂದು ಗೊಣಗುತ್ತ ಮುಂದಿನ ಬೀದಿಗೆ ನಡೆದರು.

"ಸೂಜಿ ಇಳಿದಿರೋದು ಮೈಯಾಗೆ ಕಣ್ಲಾ, ಕಾಗದದಾಗಲ್ಲ!" ಎಂದು ಅತ್ತೆ ಗೆದ್ದ ಜೋರಿನಲ್ಲಿ ನನ್ನ ಬೆನ್ನಿಗೆ ಗುದ್ದಿದಳು. ನಾನು ನಗಬೇಕೆಂದು ಬಾಯಿ ತೆರೆದೆ.

ಬಂದೂಕದವನು ಹೋಗಿರಲಿಲ್ಲ. ಗೇಟಿನ ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟಿದ್ದ. "ಅಕ್ಕಯ್ಯ, ಒಂದು ಚೊಂಬು ನೀರು ಕೊಡಿ" ಎಂದ. ಅತ್ತೆ ತಂದ ನೀರನ್ನು ಅವನು ಕುಡಿಯಲಿಲ್ಲ. ಕೈಯಲ್ಲಿ ಹಿಡಿದುಕೊಂಡೇ ಕೂತ.

"ಒಳ್ಳೇದಾಯ್ತು ಅಕ್ಕಯ್ಯ, ಇವು ಉಳ್ಕಂಡ್ವು" ಎಂದ. "ಬೆಳಿಗ್ಗೆ ಮೊದಲ್ನೇದು ಹೊಡ್ದಿದ್ದು ನಮ್ಮನೇದೇ. ಬೇರೆಯವ್ರ ಬೀದಿಯಿಂದ ಶುರು ಮಾಡಿದ್ರೆ, ತನ್ನ ನಾಯಿ ಮಾತ್ರ ಬಿಟ್ಟ ಅಂತ ಜನ ಅಂತಾರಲ್ಲ."

ಚೊಂಬಿನೊಳಗಿನ ನೀರು ನೋಡುತ್ತ ಮುಂದುವರಿಸಿದ.

"ಹೋದ ತಿಂಗ್ಳು ಸೂಜಿಗೆ ಅಂತ ಹೋಗಿದ್ದೆ. ನಾನು ಹೋಗೋ ಹೊತ್ಗೆ ಮದ್ದು ಮುಗ್ದೋಗಿತ್ತು. ಕ್ವಾರ್ಟರ್ಸ್ ನಾಯಿಗಳು ಬೇಗ ಬಂದಿದ್ವಂತೆ. ಮುಂದಿನ ತಿಂಗ್ಳು ಬಾ ಅಂದ್ರು."

ಅತ್ತೆಯ ಸೊಂಟದ ಮೇಲಿನ ಕೈ ಕೆಳಗಿಳಿಯಿತು. ಗೇಟು ತೆರೆದು ಹೊರಗೆ ಹೋಗಿ, ಅದನ್ನು ಹಿಂದೆ ಎಳೆದುಕೊಂಡು, ಅವನ ಪಕ್ಕ ಕಲ್ಲಿನ ಮೇಲೆ ಕೂತಳು. ಮೆಲ್ಲಗೆ ಕೇಳಿದಳು.

"ಏನಂತ ಕರೀತಿದ್ರಿ ಅದನ್ನ?"

ಅವನು ಹೇಳಲಿಲ್ಲ, ಕರೆದ. ಸಂಜೆ ಹೊಲದಿಂದ ಬಂದವನು ಅಂಗಳದಲ್ಲಿ ನಿಂತು ಕರೆಯುತ್ತಾನಲ್ಲ, ಹಾಗೆ.

"ಮಣೀ..."

ನಮ್ಮ ಕಡೆ ನಾಯಿಗೆ ಹೆಸರಿಡಲು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಮೂರು ಮನೆಗೊಂದು ಮಣಿ. ಸೀಬೆಗಿಡದ ಕೆಳಗಿಂದ ಎರಡು ನಾಯಿ ಎದ್ದು, ಬಾಲ ಆಡಿಸುತ್ತ, ಗೇಟಿಗೆ ಓಡಿಬಂದವು. ಕಂಬಿಗಳ ನಡುವೆ ಮೂತಿ ತೂರಿಸಿ ನಿಂತವು.

ಅವನು ಕೈ ಚಾಚಲಿಲ್ಲ. ಅತ್ತೆಯೇ ಅವನ ಕೈಯಿಂದ ಚೊಂಬು ತೆಗೆದು ಕೆಳಗಿಟ್ಟು, ಆ ಕೈಯನ್ನು ಹಿಡಿದು, ಗೇಟಿನ ಸಂದಿಯೊಳಗೆ ಇಟ್ಟಳು.